ಗುಂಡಿ ಬಳಿಯುತ್ತಿದ್ದ ಗಾದೆಪ್ಪ

ಗುರುವಾರ ಬೆಳಿಗ್ಗೆ ಏಳು ಗಂಟೆಯಾಗುವುದರೊಳಗೆ ಮಗಳ ಹಾಲಿನ ಬಾಟಲಿಯನ್ನು ನಾಲ್ಕು ಸಲ ಕುದಿಸಿದ್ದೆ. ಐದನೆಯ ಸಲ ಪಾತ್ರೆಗೆ ನೀರು ಸುರಿಯುವಾಗ ಕೈ ತಡೆಯಿತು. ಕುದಿಸುವುದಕ್ಕೆ ಹಾಕುತ್ತಿದ್ದದ್ದೂ ಅದೇ ನೀರು. ಪಾತ್ರೆ ತೊಳೆದದ್ದೂ ಅದರಲ್ಲೇ. ಪಾತ್ರೆ ಒರೆಸಿದ ಬಟ್ಟೆ ಜಾಲಿಸಿದ್ದೂ ಅದರಲ್ಲೇ. ಹನ್ನೊಂದು ತಿಂಗಳ ಕೂಸು ಚಾಪೆಯ ಮೇಲೆ ಕೂತು ಹೆಬ್ಬೆರಳು ಚೀಪುತ್ತಿತ್ತು. ಆ ಬೆರಳನ್ನು ನಾನು ಒರೆಸಿದ್ದು ಅದೇ ಬಟ್ಟೆಯಿಂದ. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಹೋಗಿ ನನ್ನ ತಲೆ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನಮ್ಮ ಮನೆಯ ಮುಂದಿನ ಕಡಪ ಕಲ್ಲಿನ ಕೆಳಗೆ. ಹದಿನೈದು ದಿನಗಳಿಂದ ಅಲ್ಲೇ ನಿಂತಿತ್ತು.

ಆ ಕಲ್ಲಿನ ಕೆಳಗೆ ಏನಿದೆ ಎಂದು ನನಗೆ ತೋರಿಸಿದವನು ಗಾದೆಪ್ಪ. ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟವನು. ಅವನು ತೋರಿಸಿದ್ದನ್ನು ನಾನು ಬರೆದುಕೊಡಬೇಕಿತ್ತು. ಬರೆದೆ. ಆಮೇಲೆ ಅದರಲ್ಲಿ ಒಂದು ಭಾಗವನ್ನು ಹೊಡೆದುಹಾಕಿದೆ.

ನಾನು ಬಳ್ಳಾರಿಯಲ್ಲಿ ಹುಟ್ಟಿ ಅಲ್ಲೇ ಓದಿದವಳು. ಮದುವೆಗೆ ಮುಂಚೆ ಎರಡು ವರ್ಷ ನೀರಿನ ಫಿಲ್ಟರ್ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದೆ. ಫಿಲ್ಟರನ್ನು ಬಿಚ್ಚುವುದು ಹೇಗೆ, ತೊಳೆಯುವುದು ಹೇಗೆ, ಮತ್ತೆ ಜೋಡಿಸುವುದು ಹೇಗೆ ಎಂದು ಗಿರಾಕಿಗಳಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವುದು ನನ್ನ ಪಾಲಿನ ಕೆಲಸ. ನಾನು ಬರೆದ ಮೊದಲ ಹಾಳೆಯಲ್ಲಿ ವಾಷರ್ ಹಾಕುವ ಮಾತು ಬಿಟ್ಟುಹೋಗಿತ್ತು. ಒಬ್ಬರ ಅಡುಗೆಮನೆಯೆಲ್ಲ ನೀರಾಗಿ, ಆ ಮನೆಯಾಕೆ ಅಂಗಡಿಗೆ ಬಂದು ಹಾಳೆಯನ್ನು ನನ್ನ ಮುಖಕ್ಕೇ ಎಸೆದಿದ್ದರು. ಅವತ್ತು ಕಲಿತೆ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಕೈ ಯಾವ ಕ್ರಮದಲ್ಲಿ ಆಡುತ್ತದೋ ಮಾತೂ ಅದೇ ಕ್ರಮದಲ್ಲಿ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನೂ ಹೇಳಬೇಕು. ಓದುವವರು ತಡವರಿಸಿದಾಗ ಬರೆದವಳು ಪಕ್ಕದಲ್ಲಿ ಇರುವುದಿಲ್ಲ, ಹಾಳೆ ಒಂದೇ ಇರುತ್ತದೆ.

ಮದುವೆಯಾಗಿ ಬಂದದ್ದು ಸಿರುಗುಪ್ಪ ತಾಲ್ಲೂಕಿನ ಈ ಊರಿಗೆ. ಸಿರಿಗೇರಿಯಲ್ಲಿ ಬಸ್ಸಿಳಿದು ಇನ್ನೂ ಒಳಕ್ಕೆ ಬರಬೇಕು. ನನ್ನ ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಸಂಜೆ ಮೈಯೆಲ್ಲ ತೌಡು ಮೆತ್ತಿಕೊಂಡು ಬರುತ್ತಾರೆ. ಮನೆಯಲ್ಲಿ ನಾನು, ಮಗಳು ಮತ್ತು ನನ್ನ ಅತ್ತೆ ಚನ್ನವೀರಮ್ಮ.

ಇಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಕಾಲುವೆಯ ನೀರು ಊರಾಚೆಯ ಕೆರೆಯಲ್ಲಿ ನಿಂತು, ಅಲ್ಲಿಂದ ಎತ್ತರದ ಟ್ಯಾಂಕಿಗೆ ಏರಿ, ವಾಲ್ ತೆರೆದಾಗ ಪೈಪಿನಲ್ಲಿ ಓಣಿಗೆ ಇಳಿಯುತ್ತದೆ. ಆದರೆ ನೀರಿಗೆ ಒತ್ತಡ ಸಾಲದು. ಸೊಂಟದೆತ್ತರದ ನಳಕ್ಕೆ ಅದು ಏರುವುದಿಲ್ಲ. ಅದಕ್ಕೇ ಪ್ರತಿ ಮನೆಯವರೂ ಬಾಗಿಲ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನೆಲದೊಳಗಿನ ಪೈಪನ್ನು ಅಲ್ಲೇ ಕತ್ತರಿಸಿ ಬಿಟ್ಟಿದ್ದಾರೆ. ಕೊಡವನ್ನು ಗುಂಡಿಯೊಳಗೆ ಇಳಿಸಿ ತುಂಬಿಸುತ್ತಾರೆ. ಗುಂಡಿಯ ಪಕ್ಕದಲ್ಲೇ ಚರಂಡಿ. ನೀರು ಬಾರದ ಎರಡು ದಿನ ಆ ಗುಂಡಿಯಲ್ಲಿ ಏನು ತುಂಬುತ್ತದೆ ಅನ್ನುವುದನ್ನು, ಮದುವೆಯಾಗಿ ಎರಡು ವರ್ಷವಾದರೂ ನಾನು ಬಗ್ಗಿ ನೋಡಿರಲಿಲ್ಲ.

ಗಾದೆಪ್ಪನನ್ನು ಮಾತ್ರ ದಿನಾ ನೋಡುತ್ತಿದ್ದೆ. ಒಣಕಲು ಮೈ, ಹೆಗಲ ಮೇಲೆ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕಿ. ವರ್ಷಗಟ್ಟಲೆ ನೀರಿನಲ್ಲಿ ನಿಂತು ಬಿಳಿಚಿ ಬಿರಿದ ಪಾದಗಳು. ಬೆರಳ ಸಂದಿಯ ಚರ್ಮ ಬೇಯಿಸಿದ ಈರುಳ್ಳಿಯ ಹಾಗೆ ಪದರು ಪದರಾಗಿ ಎದ್ದಿತ್ತು. ನನಗೆ ಆ ಪಾದ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಹತ್ತಿರ ಬಂದರೆ ಬ್ಲೀಚಿಂಗ್ ಪುಡಿಯ ವಾಸನೆ. ಲುಂಗಿಯ ತುಂಬ ಆ ಪುಡಿ ಸುಟ್ಟ ತೂತು.

ವಾಲ್ ತೆರೆದ ಮೇಲೆ ಅವನು ಸಲಾಕಿಯ ತುದಿಗೆ ಕಿವಿ ಹಚ್ಚಿ ಕೂರುತ್ತಿದ್ದ. "ಗುಡಿ ದಾಟಿತು... ಈಗ ಸಾಲಿ ಹಂತ್ಯಾಕ ಬಂತು..." ಎಂದು ಒಳಗಿನ ನೀರು ಎಲ್ಲಿಗೆ ಬಂತೆಂದು ಹೇಳುತ್ತಿದ್ದ. ಕೊಡ ಹಿಡಿದು ಕಾಯುವ ಹೆಂಗಸರಿಗೆ ಅದೊಂದು ನಗೆ.

"ಏನ್ ಗಾದೆಪ್ಪಣ್ಣ, ಹೇಣ್ತಿ ಮಾತಿಗಿಂತ ಪೈಪಿನ ಮಾತಾ ಭಾಳ ಕೇಳ್ತೀಯಲ್ಲ?"

ಅವನ ಹೆಂಡತಿ ಹುಲುಗಮ್ಮ ಅಲ್ಲೇ ಇದ್ದರೆ ಅವನಿಗಿಂತ ಮೊದಲು ಉತ್ತರ ಕೊಡುತ್ತಿದ್ದಳು. "ಪೈಪು ಹೊಳ್ಳಿ ಬೈಯಂಗಿಲ್ಲ ನೋಡವ, ಅದಕ್ಕ."

ಕೆಳಗಿನ ಓಣಿಯ ಕೊನೆಯ ನಳದಲ್ಲಿ ಬಂದ ನೀರನ್ನು ಬೊಗಸೆಯಲ್ಲಿ ಹಿಡಿದು, ಮೂಸಿ, ಕುಡಿದ ಮೇಲೇ ಅವನು ಬಾಯಿಗೆ ಚಹಾ ಹಾಕುತ್ತಿದ್ದದ್ದು. "ಇಲ್ಲಿ ಚಲೋ ಬಂದ್ರ ಊರಿಗೆಲ್ಲಾ ಚಲೋ ಬಂದಂಗ," ಅನ್ನುತ್ತಿದ್ದ. ಆ ಬೊಗಸೆಯ ಉಗುರುಗಳನ್ನು ನೋಡಿ ನಾನು ಮುಖ ತಿರುಗಿಸಿದ್ದುಂಟು.

ಹೋದ ಯುಗಾದಿಗೆ ಅವನು ಕೆಲಸ ಬಿಡುವುದೆಂದು ಗೊತ್ತಾಯಿತು. ಮಗಳು ಭಾಗ್ಯಳನ್ನು ಕುರುಗೋಡು ತಾಲ್ಲೂಕಿನ ಬಾದನಹಟ್ಟಿಗೆ ಕೊಟ್ಟಿದ್ದ. ಗಂಡ ಹೆಂಡತಿ ಅಲ್ಲಿಗೆ ಹೋಗಿ ಇರುವವರಿದ್ದರು. ಅವನ ಜಾಗಕ್ಕೆ ಐಟಿಐ ಓದಿದ ಯರ್ರಿಸ್ವಾಮಿ ಎಂಬವನು ಬರುವವನಿದ್ದ. ಪಂಚಾಯಿತಿಯ ಪಿಡಿಒ ಶಶಿಕಾಂತ್ ಒಂದು ದಿನ ನಮ್ಮ ಮನೆಗೆ ಬಂದರು. ಗಾದೆಪ್ಪನ ಕೆಲಸ ಅಷ್ಟೂ ಗಾದೆಪ್ಪನ ತಲೆಯಲ್ಲೇ ಇದೆ, ಅವನಿಗೆ ಸಹಿ ಬಿಟ್ಟು ಬೇರೆ ಬರೆಯಲು ಬಾರದು, ನೀವು ಕೇಳಿ ಬರೆದುಕೊಡಿ, ಪಂಪ್‌ಹೌಸಿನ ಗೋಡೆಯ ಮೇಲೆ ಬರೆಸುತ್ತೇವೆ ಎಂದರು. ಮಾದರಿಗೆಂದು ಒಂದು ಹಳೆಯ ಸುತ್ತೋಲೆಯನ್ನೂ ಕೊಟ್ಟರು. 'ಮೇಲ್ಮಟ್ಟದ ಜಲಸಂಗ್ರಹಾಗಾರದ ಶುಚಿತ್ವ ಕಾರ್ಯವನ್ನು ಸಂಬಂಧಪಟ್ಟವರು ಕಾಲಕಾಲಕ್ಕೆ ಸೂಕ್ತ ಕ್ರಮಗಳ ಮೂಲಕ ಕೈಗೊಳ್ಳತಕ್ಕದ್ದು.' ಥೂ! ಇದನ್ನು ಓದಿ ಯಾವನಾದರೂ ಪೊರಕೆ ಹಿಡಿದಾನೆಯೇ? ಯಾರು, ಯಾವಾಗ, ಯಾವುದರಿಂದ, ಎಷ್ಟು, ಒಂದೂ ಇಲ್ಲ. ಸುತ್ತೋಲೆ ಓದಿದಾಗಿನ ಹೇಸಿಗೆಗೇ ನಾನು ಒಪ್ಪಿಕೊಂಡೆ ಅನ್ನಬೇಕು.

ಗಾದೆಪ್ಪನ ಬಾಯಿಂದ ಕೇಳಿ ಬರೆದರೆ ಸಾಕು ಅಂದುಕೊಂಡು ನೋಟ್‌ಬುಕ್ ಹಿಡಿದು ಹೋದೆ. ಅವನು ಟ್ಯಾಂಕಿನ ಏಣಿ ಇಳಿದು ಬಂದು, ಒಂದು ಬಕೆಟ್ಟನ್ನು ನನ್ನ ಮುಂದಿಟ್ಟ.

"ಇದನ್ನ ನೋಡಿ ಬರೀರಿ ಅಕ್ಕಾರ. ನೋಡಲಾರದಾ ಬರದ್ರ ಅದು ಆಫೀಸಿನ ಕಾಗದ ಆಗತೈತಿ."

ಬಕೆಟ್ಟಿನಲ್ಲಿ ಟ್ಯಾಂಕಿನ ತಳದಿಂದ ತೋಡಿದ ಕೆಸರಿತ್ತು. ಕಪ್ಪಗೆ, ಲೋಳೆ ಲೋಳೆಯಾಗಿ, ಅಲುಗಿಸಿದರೆ ಒಟ್ಟಿಗೇ ತುಳುಕುವ ಕೆಸರು. ಅದರಲ್ಲಿ ಪಾರಿವಾಳದ ಪುಕ್ಕ, ಒಂದು ಹಲ್ಲಿಯ ಬೆನ್ನೆಲುಬು, ಪ್ಲಾಸ್ಟಿಕ್ ಗೊಂಬೆಯ ಒಂದು ಕೈ, ಯಾರದೋ ಕೂದಲಿನ ಉಂಡೆ. ಕೂದಲಿನ ಉಂಡೆಯ ಒಳಗೆ ಕೆಂಪು ದಾರದಂಥ ಹುಳುಗಳು ಅಲ್ಲಾಡುತ್ತಿದ್ದವು. ವಾಸನೆ ಮೂಗಿಗಲ್ಲ, ಸೀದಾ ಗಂಟಲಿಗೆ ಬಂತು. ನಾನು ಪಂಪ್‌ಹೌಸಿನ ಹಿಂದಕ್ಕೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ.

ಹುಲುಗಮ್ಮ ಚೊಂಬಿನಲ್ಲಿ ನೀರು ತಂದಳು. ನಾನು ಆ ಚೊಂಬನ್ನೇ ನೋಡುತ್ತಾ ನಿಂತಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಈಗ್ಯಾಕ ಹೊಟ್ಟಿ ತೊಳಸಾಕತ್ತೈತಿ ಅಕ್ಕಾರ? ಎರಡು ವರ್ಷದಿಂದ ಇದರ ಮ್ಯಾಲಿನ ನೀರಾ ಕುಡದೀರಿ."

"ಸುಮ್ನಿರಲೇ, ಬಸರಿ-ಬಾಣಂತಿ ಮುಂದ ಹಂಗ ಅಂತಾರೇನು," ಎಂದು ಗಾದೆಪ್ಪ ಗದರಿದ.

ಟ್ಯಾಂಕಿನ ಮಾತು ಬರೆಯುವುದಕ್ಕೆ ಕಷ್ಟವಾಗಲಿಲ್ಲ. ಮೊದಲು ಓಣಿಯ ವಾಲ್ ಬಂದ್ ಮಾಡಿ. ಟ್ಯಾಂಕಿನ ತಳದ ವಾಲ್ ತೆರೆದು ನೀರನ್ನು ಪೂರ್ತಿ ಹೊರಗೆ ಬಿಡಿ. ಒಳಗೆ ಇಳಿಯುವ ಮುಂಚೆ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ, ಒಬ್ಬರೇ ಇಳಿಯಬೇಡಿ. ಗೋಡೆಯನ್ನು ಮೇಲಿಂದ ಕೆಳಕ್ಕೆ ಉಜ್ಜಿ. ಕೆಸರನ್ನು ತೋಡಿ ಬಕೆಟ್ಟಿನಲ್ಲಿ ಮೇಲಕ್ಕೆ ಕಳಿಸಿ, ತೊಳೆದು ಬಿಡಬೇಡಿ. ಹೀಗೆ ಎರಡು ಪ್ಯಾರಾ ಬರೆದು ಓದಿ ತೋರಿಸಿದೆ. ಗಾದೆಪ್ಪ ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈಯಾಡಿಸುತ್ತಾ ಕೇಳಿದ. ನಾನು ಒಂದು ವಾಕ್ಯ ಓದಿದರೆ ಅವನ ಕೈ ಒಂದು ಕೆಲಸ ಮಾಡುತ್ತಿತ್ತು. ಎಲ್ಲಿಯೂ ತಡೆಯಲಿಲ್ಲ.

"ಪಸಂದ ಆತು. ಆದರ ಇದು ಸಣ್ಣ ಕೆಲಸ ಅಕ್ಕಾರ. ದೊಡ್ಡದು ನಾಳಿ ನಸುಕಿನ್ಯಾಗ ಐತಿ. ಬರ್ರಿ."

ಮರುದಿನ ನೀರು ಬಿಡುವ ದಿನ. ಹೊತ್ತು ಮೂಡುವಾಗ ಹೋದೆ. ಗಾದೆಪ್ಪ ಎಣ್ಣೆಯ ಕ್ಯಾನನ್ನು ಅಡ್ಡಕ್ಕೆ ಕತ್ತರಿಸಿ ಮಾಡಿದ ಮೊಗೆ ಹಿಡಿದು ಕೆಳಗಿನ ಓಣಿಯ ಒಂದು ಗುಂಡಿಯ ಮುಂದೆ ಹೊಟ್ಟೆಯಡಿಯಾಗಿ ಮಲಗಿದ್ದ. ತೋಳನ್ನು ಹೆಗಲವರೆಗೆ ಗುಂಡಿಯೊಳಗೆ ಇಳಿಬಿಟ್ಟು ನೀರು ಬಳಿದು ಹೊರಗೆ ಚೆಲ್ಲುತ್ತಿದ್ದ. ಅದು ನೀರಲ್ಲ. ಮುಸುರೆಯ ಜಿಡ್ಡು, ಸೋಪಿನ ನೊರೆ, ತಂಬಾಕಿನ ಉಗುಳು, ಕೂಸಿನ ಬಟ್ಟೆ ತೊಳೆದ ಹಳದಿ. ಚರಂಡಿ ತುಂಬಿದಾಗಲೆಲ್ಲ ಅದು ಗುಂಡಿಗೆ ನುಗ್ಗಿ ನಿಂತಿರುತ್ತದೆ. ಬಳಿದು ಬಳಿದು ತಳ ಕಂಡಾಗ, ಅದರಲ್ಲಿ ಮುಳುಗಿದ್ದ ಪೈಪಿನ ಬಾಯಿ ಹೊರಗೆ ಬಂತು. ಆ ಬಾಯಿಂದಲೇ ಆ ಮನೆಯವರು ಕುಡಿಯುವ ನೀರು ಹಿಡಿಯುವುದು.

"ಮೊನ್ನಿ ವಾಲ್ ಬಂದ್ ಮಾಡಿದ್ನೆಲ್ಲ, ಆಗ ಪೈಪಿನ್ಯಾಗ ನೀರು ಇಳದು ಒಳಗ ಬರೀದಾಗತೈತಿ. ಬರೀದಾದ ಪೈಪು ಉಸುರು ಎಳಕೊಂತೈತಿ. ಬಾಯಿಗೆ ಏನು ಸಿಗತೈತಿ ಅದನ್ನಾ ಎಳಕೊಂತೈತಿ," ಎಂದು ಗಾದೆಪ್ಪ ತನ್ನ ಕೆನ್ನೆಯನ್ನೇ ಒಳಕ್ಕೆಳೆದು ತೋರಿಸಿದ. "ಒಂದು ಗುಂಡಿ ಬಿಟ್ರೂ ಅದು ಹೋಗಿ ಕೂಡೋದು ಕೆಳಗಿನ ಓಣಿಗೆ. ಇಳಕಲು ಅಲ್ಲಾ ಐತಿ."

ಊರಲ್ಲಿ ನಲವತ್ತಾರು ಗುಂಡಿ. ಆ ಸಾಲು ಹುಲುಗಮ್ಮ, ಈ ಸಾಲು ಗಾದೆಪ್ಪ. ಎಲ್ಲ ಬಳಿದು, ಪೈಪಿನ ಬಾಯಿ ಒರೆಸಿ, ವಾಲ್ ತೆರೆದು, ಮೊದಲ ಹತ್ತು ನಿಮಿಷದ ನೀರನ್ನು ಯಾರಿಗೂ ಹಿಡಿಯಗೊಡದೆ ಹರಿಯಬಿಡುತ್ತಿದ್ದರು. ಮೂವತ್ತೊಂದು ವರ್ಷ. ಜನ ಇದನ್ನು ನೋಡಿರಲಿಲ್ಲ ಅಂತಲ್ಲ. ಕೊಡ ಇಡುವುದಕ್ಕೆ ಜಾಗ ಮಾಡಿಕೊಡುತ್ತಾನೆ, ಪಾಪ, ಅಂದುಕೊಂಡಿದ್ದರು.

ಕೊನೆಯ ಗುಂಡಿ ನಮ್ಮ ಮನೆಯದು. ಗಾದೆಪ್ಪ ಕಡಪ ಕಲ್ಲನ್ನು ಸಲಾಕಿಯಿಂದ ಮೀಟಿ ಸರಿಸಿದ. ಹಿಂದಿನ ಗುಂಡಿಗಳನ್ನೆಲ್ಲ ನೋಡಿದ ಮೇಲೂ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ನಮ್ಮ ಬಚ್ಚಲಿನ ಕೊಳವೆ ಒಡೆದು ನೇರವಾಗಿ ಅದರೊಳಕ್ಕೇ ಸೋರುತ್ತಿತ್ತು. ನೀರಿನ ಮೇಲೆ ಬೂದು ಬಣ್ಣದ ಕೆನೆ. ಕೆನೆಯ ಮೇಲೆ ಅತ್ತೆಯ ಸೀಗೆಪುಡಿ, ನನ್ನ ಉದ್ದ ಕೂದಲು, ಮಗಳ ಮೈಗೆ ಹಚ್ಚಿದ ಕಡಲೆಹಿಟ್ಟು. ಉಳಿದವರದು ಬರೀ ಬಾಯಿ ತೆರೆದ ಪೈಪು. ನಮ್ಮ ಪೈಪಿಗೆ ಮೋಟಾರು ಬೇರೆ. ಅದು ಓಣಿಯ ನೀರನ್ನೇ ಎಳೆದು ಮೇಲಿನ ತೊಟ್ಟಿಗೆ ಹಾಕುತ್ತದೆ. ಅದರ ಎಳೆತಕ್ಕೆ ಗುಂಡಿಗಳ ಹೊಲಸೂ ಪೈಪಿನೊಳಕ್ಕೆ ಸೇರುತ್ತದೆ.

ಅತ್ತೆ ಬಾಗಿಲಿಗೆ ಬಂದರು. "ಏನಲೇ ಗಾದ್ಯಾ, ಹೊತ್ತೇರೋದ್ರೊಳಗ ನಮ್ಮ ಬಾಗಿಲದಾಗ ಮಕ್ಕೊಂಡೀಯಲ್ಲ!"

"ಮಕ್ಕೊಂಡಿಲ್ಲ ಅವ್ವಾರ. ನಿಮ್ಮ ಗುಂಡ್ಯಾಗ ಏನೈತಿ ಅಂತ ನೋಡಾಕತ್ತೀನಿ."

"ಏನಿರತೈತಿ? ನೀರಿರತೈತಿ."

"ಹೌದ್ರಿ, ನೀರಾ ಐತಿ. ನಿನ್ನಿ ನೀವು ಜಳಕ ಮಾಡಿದ್ದು."

"ನಾಲಿಗಿ ಭಾಳ ಆತು ನಿಂದು," ಎಂದು ಅತ್ತೆ ಒಳಗೆ ಹೋದರು. ಗಾದೆಪ್ಪ ಎದ್ದು, ಗೋಡೆಯ ಮೇಲಿನ ಮೋಟಾರಿನ ಪೆಟ್ಟಿಗೆ ತೆರೆದು, ಒಣ ಬಟ್ಟೆ ಹಿಡಿದು ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

"ಒಂಬತ್ತು ವರ್ಷದಿಂದ ಹಿಂಗಾ ರೀ ಅಕ್ಕಾರ. ಅವ್ವಾರು ಕರೆಂಟ್ ಹೋತು ಅಂತ ಲೈನ್‌ಮನ್‌ನ ಬೈತಾರ. ನಾ ಹೊಲಸು ಹರದು ಹೋದ ಮ್ಯಾಲ ಬಂದು ಹಾಕಿ ಹೋಗತೀನಿ. ಪಾಪ, ಲೈನ್‌ಮನ್‌ಗ ನಾ ಒಂದು ದಿನ ಚಾ ಕುಡಸಬೇಕು."

ಆ ದಿನವೇ ಕೂತು ಮೂರನೆಯ ಪ್ಯಾರಾ ಬರೆದೆ. ಬರೆದದ್ದರಲ್ಲಿ ಅದೇ ಚೆನ್ನಾಗಿ ಬಂದಿತ್ತು. ಅತ್ತೆಗೆ ಕನ್ನಡಕ ಹಾಕಿಕೊಂಡರೆ ಓದಲು ಬರುತ್ತದೆ. ಓದಿದರು.

"'ಮೋಟಾರು ಇರುವ ಮನೆಗಳಲ್ಲಿ' ಅಂತ ಬರದೀಯಲ್ಲವ. ಪಂಪ್‌ಹೌಸಿನ ಗ್ವಾಡಿ ಮ್ಯಾಲ ಚನ್ನವೀರಮ್ಮನ ಮನಿ ಗುಂಡಿ ಅಂತ ಡಂಗುರ ಸಾರಸ್ತೀಯೇನು?"

"ಹೆಸರು ಎಲ್ಲೂ ಬರ್ದಿಲ್ಲ ಅತ್ತಿ."

"ಹೆಸರು ಯಾಕ ಬೇಕು? ಊರಾಗ ಮೋಟ್ರು ಇರಾವು ಮೂರು ಮನಿ. ಎರಡು ಮನ್ಯಾಗ ಮೋಟ್ರು ಕೆಟ್ಟು ಕುಂತೈತಿ. ನಿಮ್ಮ ಮಾವ ಇದ್ದಾಗ ಈ ಮನೀಗೆ ಊರು ನ್ಯಾಯಕ್ಕ ಬರತಿತ್ತು. ಈಗ ನಮ್ಮ ಬಚ್ಚಲ ನೋಡಾಕ ಬರಬೇಕೇನು?"

ಅತ್ತೆಯೊಬ್ಬರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ. ಅವರು ಹೇಳಿ ಒಳಗೆ ಹೋದ ಮೇಲೆ ನಾನೊಬ್ಬಳೇ ಕೂತು ಆ ಪ್ಯಾರಾವನ್ನು ಮತ್ತೆ ಓದಿಕೊಂಡೆ. 'ಗುಂಡಿಯಲ್ಲಿ ನಿಂತ ಚರಂಡಿ ನೀರನ್ನು...' ಇದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಓದುವವರ ಬಾಯಲ್ಲಿ ಹೇಸಿಗೆಗೆ ಉಗುಳು ತುಂಬುವುದಿಲ್ಲವೆ? ಕೆಳಗೆ 'ಬರೆದವರು: ಶ್ರೀಮತಿ ಸೌಂದರ್ಯ' ಎಂದೂ ಹಾಕಿಸುತ್ತೇನೆ ಎಂದಿದ್ದರು ಪಿಡಿಒ. ಹೇಗೂ ಯರ್ರಿಸ್ವಾಮಿಗೆ ಗಾದೆಪ್ಪ ಬಾಯಲ್ಲಿ ಹೇಳಿಯೇ ಹೇಳುತ್ತಾನೆ. ಹಾಗೆಂದು ನನಗೆ ನಾನೇ ಹೇಳಿಕೊಂಡು ಆ ಪ್ಯಾರಾದ ಮೇಲೆ ಒಂದು ಗೆರೆ ಎಳೆದೆ. ಆದರೆ ಯರ್ರಿಸ್ವಾಮಿ ಬಂದು ಸೇರುವ ಹೊತ್ತಿಗೆ ಗಾದೆಪ್ಪ ಬಾದನಹಟ್ಟಿಗೆ ಹೋಗಿ ವಾರವಾಗಿತ್ತು.

ಗೋಡೆ ಬರಹಕ್ಕೆ ಬಂದ ಹೊಗಳಿಕೆ ಅಷ್ಟಿಷ್ಟಲ್ಲ. ನೀಲಿ ಅಕ್ಷರ, ಬಿಳಿ ಗೋಡೆ. ಪಿಡಿಒ ಅದರ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿದರು. ಕುರುಗೋಡು ಕಡೆಯ ಪಂಚಾಯಿತಿಯವರೂ ಬಂದು ಬರೆದುಕೊಂಡು ಹೋದರು. ನನ್ನ ಗಂಡ ಗಿರಣಿಯಲ್ಲಿ ಎಲ್ಲರಿಗೂ ತೋರಿಸಿದರು. ನನಗೂ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಯರ್ರಿಸ್ವಾಮಿ ಒಳ್ಳೆಯ ಕೆಲಸಗಾರ. ಯಾರಾದರೂ ನೀರಿನ ವಿಷಯ ಎತ್ತಿದರೆ, "ನನ್ನ ಕೇಳಬ್ಯಾಡ್ರಿ, ಗ್ವಾಡಿ ಕೇಳ್ರಿ. ಅಲ್ಲಿ ಏನೈತಿ ಅಷ್ಟಾ ಮಾಡತೀನಿ," ಅನ್ನುತ್ತಿದ್ದ. ನಿಜ. ಅಷ್ಟನ್ನೇ ಮಾಡುತ್ತಿದ್ದ. ಅಕ್ಷರ ಬಿಡದೆ ಮಾಡುತ್ತಿದ್ದ.

ಬೇಸಿಗೆ ಕಳೆಯಿತು. ಶ್ರಾವಣದಲ್ಲಿ ಹಿಡಿದ ಮಳೆಗೆ ಚರಂಡಿಗಳು ಉಕ್ಕಿ ಗುಂಡಿಗಳು ತುಂಬಿ ತುಳುಕಿದವು. ಕೆಳಗಿನ ಓಣಿಯಲ್ಲಿ ಮೊದಲು ಒಂದು ಮನೆ, ಆಮೇಲೆ ನಾಲ್ಕು ಮನೆ, ಮಕ್ಕಳಿಗೆ ವಾಂತಿ ಭೇದಿ. ಜಂಬಮ್ಮ ಎಂಬಾಕೆಯ ಎರಡು ವರ್ಷದ ಮೊಮ್ಮಗಳನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಯರ್ರಿಸ್ವಾಮಿ ಗೋಡೆ ನೋಡಿಕೊಂಡು ಟ್ಯಾಂಕನ್ನು ತೊಳೆದ. ನೀರು ಬಿಟ್ಟ. ಮತ್ತೆ ಮೂರು ಮಕ್ಕಳು ಮಲಗಿದವು. ಮತ್ತೆ ತೊಳೆದ. ನಮ್ಮ ಮನೆಯಲ್ಲಿ ನನ್ನ ತವರಿನ ಫಿಲ್ಟರ್ ಇದೆ. ನನ್ನ ಮಗಳು ದುಂಡಗೆ ನಗುತ್ತಿದ್ದಳು. ನಾನು ದಿನಕ್ಕೆ ಆರು ಸಲ ಅವಳ ಬಟ್ಟೆ ಬಿಚ್ಚಿ ಮಲದ ಬಣ್ಣ ನೋಡುತ್ತಿದ್ದೆ, ಮೂಸುತ್ತಿದ್ದೆ. ಯಾರ ಮಗುವಿನದನ್ನು ನೋಡಬೇಕಿತ್ತೋ ಅದನ್ನು ನೋಡುವ ಧೈರ್ಯ ಇರಲಿಲ್ಲ. ಮಗಳ ನಗುವ ಮುಖ ನೋಡಿದರೆ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿತ್ತು.

ಮಂಗಳವಾರ ಪಂಚಾಯಿತಿಯ ಮುಂದೆ ಜನ ಸೇರಿದರು. ಬಾದನಹಟ್ಟಿಯಿಂದ ಗಾದೆಪ್ಪನನ್ನು ಕರೆಸಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡು, ಹುಲುಗಮ್ಮನ ಜೊತೆ ಬಂದು ನಿಂತಿದ್ದ. ಅತ್ತೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೂಸನ್ನು ಎತ್ತಿಕೊಂಡು ಹಿಂದೆ.

ಪಿಡಿಒ ಕೇಳಿದರು. "ಗಾದೆಪ್ಪ, ಇಷ್ಟು ವರ್ಷ ಟ್ಯಾಂಕನ್ನ ನೀನು ಸರಿಯಾಗಿ ತೊಳೆದಿದ್ದೀಯೋ ಇಲ್ಲವೋ? ಇವನು ಎರಡು ಸಲ ತೊಳೆದರೂ ಹೊಲಸು ಹೋಗವಲ್ದು."

"ಹೊಲಸು ಟ್ಯಾಂಕಿನ್ಯಾಗ ಇಲ್ಲ ಸರ. ಗುಂಡ್ಯಾಗ ಐತಿ. ವಾಲ್ ಬಿಡೋಕ್ಕಿಂತ ಮೊದಲು ಗುಂಡಿ ಬಳೀಬೇಕು."

ಯರ್ರಿಸ್ವಾಮಿ ಮೊಬೈಲಿನಲ್ಲಿದ್ದ ಗೋಡೆಯ ಫೋಟೋ ತೆಗೆದು ಮೇಲಿಂದ ಕೆಳಕ್ಕೆ ಓದಿದ. "ಇದರಾಗ ಗುಂಡಿ ಮಾತಾ ಇಲ್ಲಲ್ಲ ತಾತಾ?"

ಗಾದೆಪ್ಪ ತಲೆಯೆತ್ತಿ ಗುಂಪಿನಲ್ಲಿ ನನ್ನನ್ನು ಹುಡುಕಿದ. ಹುಲುಗಮ್ಮ ಅವನಿಗಿಂತ ಮೊದಲು ಕಂಡುಹಿಡಿದಳು. "ಆ ಅಕ್ಕಾರನ್ನ ಕೇಳ್ರಿ! ಓಣಿ ಓಣಿ ಕರಕೊಂಡು ಹೋಗಿ ತೋರ್ಸಿಲ್ಲೇನು ಇಂವ? ಪುಸ್ತಕದಾಗ ಬರಕೊಂಡಿಲ್ಲೇನು ಅವ್ರು?"

ಪಿಡಿಒ ನನ್ನ ಕಡೆ ತಿರುಗಿದರು. "ಮೇಡಂ, ಗಾದೆಪ್ಪ ಇದನ್ನ ನಿಮಗೆ ಹೇಳಿದ್ದನಾ?"

ಅತ್ತೆ ತಿರುಗಿ ನೋಡಲಿಲ್ಲ. ಅವರ ಬೆನ್ನು ಮಾತ್ರ ಸೆಟೆದು ಕೂತದ್ದು ಕಂಡಿತು. ಹೇಳಿದ್ದ ಎಂಬ ಒಂದು ಮಾತು ಸಾಕಿತ್ತು. ಬಾಯಿ ತೆರೆದೆ. ಆವತ್ತಿನ ಬಕೆಟ್ಟಿನ ಕೆಸರನ್ನೇ ಬಾಯಿಗೆ ತುಂಬಿದ ಹಾಗೆ ನಾಲಿಗೆ ಅಂಟಿಕೊಂಡಿತು. ಕೂಸು ನನ್ನ ತಾಳಿ ಹಿಡಿದು ಎಳೆಯುತ್ತಿತ್ತು. ನಾನು ಕೂಸನ್ನು ಸಮಾಧಾನ ಮಾಡುವವಳ ಹಾಗೆ ತಲೆ ತಗ್ಗಿಸಿದೆ.

"ಇಲ್ಲ ಸರ," ಎಂದ ಗಾದೆಪ್ಪ. "ನಾನಾ ಹೇಳಿಲ್ಲ. ಮರ್ತೀನಿ."

"ಮರ್ತಿಯಾ?" ಹುಲುಗಮ್ಮ ಕಿರುಚಿದಳು. "ನಿದ್ದ್ಯಾಗೂ ಗುಂಡಿ ಗುಂಡಿ ಅಂತ ಕೈ ಬಡಿತಿದ್ದಿ! ನೀ ಮರ್ತಿಯಾ?"

"ಸುಮ್ನಿರಲೇ. ವಯಸ್ಸಾತು. ಮರ್ತೀನಿ."

ಜನರಲ್ಲಿ ಯಾರೋ ನಕ್ಕರು. ಇನ್ಯಾರೋ, "ಈಗ ಸಿಕ್ಕೊಂಡ ಮ್ಯಾಲ ಗುಂಡಿ ನೆಪ್ಪಾತು ಮುದುಕಗ," ಎಂದರು. ಪಿಡಿಒ ಕೈ ಎತ್ತಿ ಮಾತು ನಿಲ್ಲಿಸಿದರು: ಇಷ್ಟು ಚಂದ ಬರೆಸಿದ ಗೋಡೆಯಲ್ಲಿ ಇಲ್ಲದ್ದನ್ನು ಈಗ ನಂಬುವುದು ಹೇಗೆ, ಟ್ಯಾಂಕನ್ನು ಮೂರನೆಯ ಸಲ ತೊಳೆದು, ಬ್ಲೀಚಿಂಗ್ ಪುಡಿ ಜಾಸ್ತಿ ಹಾಕಿ, ಗುರುವಾರ ಎಂಟು ಗಂಟೆಗೆ ನಾನೇ ನಿಂತು ವಾಲ್ ತೆಗೆಸುತ್ತೇನೆ ಎಂದರು. ಅಲ್ಲಿಗೆ ಮುಗಿಯಿತು.

ಬಸ್ಸಿಗೆ ಹೋಗುವಾಗ ಗಾದೆಪ್ಪ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತ. ಮಗಳ ಕೆನ್ನೆ ಮುಟ್ಟಲು ಕೈ ಚಾಚಿದವನು, ನನಗೆ ಅಸಹ್ಯವಾದೀತೆಂದು ಹಿಂದಕ್ಕೆ ತೆಗೆದುಕೊಂಡ. ಎರಡು ವರ್ಷದಿಂದ ನಾನು ಮುಖ ತಿರುಗಿಸಿದ್ದನ್ನು ಅವನು ನೋಡಿಯೇ ಇದ್ದ.

"ಅತ್ತಿ ಮನ್ಯಾಗ ಬಾಳಬೇಕಾದಾಕಿ ನೀವು. ನನಗೇನು, ಹೋಗಾವ. ಆದರ ಗುಂಡಿ ಬಿಡಬ್ಯಾಡ್ರಿ ಅಕ್ಕಾರ. ಕೂಸುಗಳು ಅದಾವು."

ಬುಧವಾರವಿಡೀ ಫೋನ್ ಕೈಗೆತ್ತಿಕೊಂಡು ಇಟ್ಟೆ. ಪಿಡಿಒ ಅವರ ಹೆಸರು ಒತ್ತಿ, ಅದು ಒಮ್ಮೆ ಕೂಗುವ ಮೊದಲೇ ಕತ್ತರಿಸಿದೆ. ಗಂಡನಿಗೆ ಹೇಳಿದೆ. "ಅವ್ವನ್ನ ಎದುರು ಹಾಕ್ಕೊಂಡು ನಾನೇನು ಹೇಳ್ಲಿ, ನೀನಾ ನೋಡು," ಎಂದು ಟವೆಲ್ ಕೊಡವಿ ಮಲಗಿದರು.

ಗುರುವಾರ ಏಳೂ ಕಾಲಿಗೆ, ಐದನೆಯ ಸಲ ಕುದಿಸಲೆಂದು ಹಿಡಿದ ಪಾತ್ರೆಯನ್ನು ಕೆಳಗಿಟ್ಟೆ. ಕೂಸನ್ನು ಚಾಪೆಯ ಮೇಲೆ ಬಿಟ್ಟು ಬಾಗಿಲಿಗೆ ಹೋದೆ. ಮೋಟಾರಿನ ಪೆಟ್ಟಿಗೆ ತೆರೆದು, ಗಾದೆಪ್ಪ ಮಾಡುತ್ತಿದ್ದ ಹಾಗೆಯೇ ಒಣ ಬಟ್ಟೆ ಹಿಡಿದು ಫ್ಯೂಸ್ ಕಿತ್ತೆ. ಕಡಪ ಕಲ್ಲು ನನ್ನೊಬ್ಬಳ ಕೈಗೆ ಜಗ್ಗಲಿಲ್ಲ. ಹಾರೆಯಿಂದ ಮೀಟಿ ಒಂದು ಗೇಣು ಸರಿಸಿದೆ. ವಾಸನೆ ಗಪ್ಪನೆ ಬಂದು ಮುಖಕ್ಕೆ ಹೊಡೆಯಿತು. ಬೂದು ಕೆನೆ ಅಂಚಿನವರೆಗೆ ಏರಿತ್ತು. ಅದರ ಮೇಲೆ ಒಂದು ಸತ್ತ ಜಿರಲೆ ಅಂಗಾತ ತೇಲುತ್ತಿತ್ತು. ಪೈಪು ಎಲ್ಲೋ ತಳದಲ್ಲಿ. ಕಣ್ಣಲ್ಲಿ ನೀರು ಬಂದರೂ ಈ ಸಲ ಮುಖ ತಿರುಗಿಸಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದ ಪುಟವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಫೋನ್ ಮಾಡಿದೆ.

ಮೂರನೆಯ ರಿಂಗಿಗೆ ಎತ್ತಿದರು. "ಹೇಳ್ರಿ ಮೇಡಂ. ವಾಲ್ ಹತ್ರಾನೇ ಇದ್ದೀನಿ."

"ಸರ್, ವಾಲ್ ತೆಗಸಬ್ಯಾಡ್ರಿ."

"ಯಾಕ್ರೀ? ಎಂಟಕ್ಕೆ ಅಂತ ಜನಕ್ಕೆ ಹೇಳೀನಲ್ಲ."

"ಗಾದೆಪ್ಪ ಮರ್ತಿದ್ದಿಲ್ಲ ಸರ್. ನನಗ ಹೇಳಿದ್ದ, ತೋರ್ಸಿದ್ದ. ನಾನು ಬರದಿದ್ದೆ. ಆಮ್ಯಾಲ ನಾನಾ ಹೊಡೆದು ಹಾಕಿದೆ."

ಒಳಗಿಂದ ಅತ್ತೆಯ ದನಿ ಬಂತು. "ಸೌಂದರ್ಯ, ಮೋಟ್ರು ಹತ್ತವಲ್ದು ನೋಡು. ಮತ್ತ ಕರೆಂಟ್ ತಗದಾನೇನು ಆ ಲೈನ್‌ಮನ್?"

"ಕರೆಂಟ್ ಐತಿ ಅತ್ತಿ. ಫ್ಯೂಸ್ ನನ್ನ ಕೈಯಾಗ ಐತಿ," ಎಂದೆ. ಫೋನಿಗೂ ಅದು ಕೇಳಿಸಿರಬೇಕು. ಹೊಸ್ತಿಲ ಮೇಲೆ ಅತ್ತೆಯ ಪಾದಗಳು ಬಂದು ನಿಂತದ್ದು ಓರೆಗಣ್ಣಿಗೆ ಕಂಡಿತು. ತಲೆಯೆತ್ತಲಿಲ್ಲ.

"ಏನು ಹೊಡೆದು ಹಾಕಿದ್ರಿ ಮೇಡಂ? ಸರಿಯಾಗಿ ಹೇಳ್ರಿ," ಎಂದರು ಪಿಡಿಒ.

"ಓದತೀನಿ ಸರ್. ಯರ್ರಿಸ್ವಾಮಿಗೆ ಬರಕೊಳ್ಳಾಕ ಹೇಳ್ರಿ. 'ನೀರು ಬಿಡುವ ದಿನ, ವಾಲ್ ತೆರೆಯುವ ಮೊದಲು, ಊರಿನ ಎಲ್ಲ ನಳದ ಗುಂಡಿಗಳಿಗೂ ಹೋಗಿ. ಗುಂಡಿಯಲ್ಲಿ ನಿಂತ ಚರಂಡಿ ನೀರನ್ನು, ಪೈಪಿನ ಬಾಯಿ ಪೂರ್ತಿ ಕಾಣುವವರೆಗೆ, ಬಳಿದು ಹೊರಗೆ ಚೆಲ್ಲಿ. ಪೈಪಿನ ಬಾಯಿ ಒರೆಸಿ. ಮೋಟಾರು ಇರುವ ಮನೆಗಳಲ್ಲಿ ಮೋಟಾರು ಬಂದ್ ಮಾಡಿಸಿ. ವಾಲ್ ತೆರೆದ ಮೇಲೆ ಹತ್ತು ನಿಮಿಷ ಯಾರೂ ಕೊಡ ಇಡಬಾರದು. ಕೆಳಗಿನ ಓಣಿಯ ಕೊನೆಯ ನಳದ ನೀರನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ. ವಾಸನೆ ಹೋಗುವವರೆಗೆ ಹರಿಯಲು ಬಿಡಿ.'"

"ಸ್ವಲ್ಪ ನಿಧಾನ ಮೇಡಂ, ಇವನು ಬರೀತಿದ್ದಾನೆ... ಹಾಂ. ಎಲ್ಲ ಗುಂಡಿ ಅಂದ್ರ ಎಲ್ಲಿಂದ ಸುರು ಮಾಡಬೇಕು? ಅದು ಇಲ್ಲಲ್ಲ ಇದರಾಗ."

ಹೌದು, ಅದನ್ನು ನಾನು ಬರೆದಿರಲಿಲ್ಲ.

"ಚನ್ನವೀರಮ್ಮನವರ ಮನೀಯಿಂದ ಅಂತ ಬರಕೊಳ್ರಿ ಸರ್," ಎಂದೆ. "ಕಲ್ಲು ಒಂದು ಗೇಣು ಸರಿಸೀನಿ. ಉಳದದ್ದಕ್ಕ ಯರ್ರಿಸ್ವಾಮೀನ ಕಳಸ್ರಿ. ಬಳಿಯಾಕ ಮೊಗಿ ನಮ್ಮನ್ಯಾಗ ಐತಿ."